ತಿರುಗುವ ಯಂತ್ರಕ್ಕೇ ಪೂಜೆ

ಯಾವ ಯಂತ್ರ ಕೆಟ್ಟಿದೆ ಎಂದು ಕರೆದರೂ ಅವರು ಮೊದಲು ಅದರ ಮೈಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಪಾನಾ, ಇಕ್ಕಳ, ಸ್ಕ್ರೂಡ್ರೈವರು ಎಲ್ಲ ಆಮೇಲೆ. ನಮ್ಮ ಮನೆಯ ಮಿಕ್ಸಿಯಿಂದ ಸುಟ್ಟ ವಾಸನೆ ಬಂದ ದಿನವೂ ಹಾಗೇ ಮಾಡಿದರು. ಜ್ವರ ನೋಡುವವರ ಹಾಗೆ ಕೈ ಇಟ್ಟು, ಕಣ್ಣು ಅರ್ಧ ಮುಚ್ಚಿ, "ಇದಕ್ಕೆ ಎಂತದೂ ಆಗ್ಲಿಲ್ಲ ಮಾರಾಯ್ರೆ, ನಿಮ್ಮ ಹೆಂಡ್ತಿ ಚಟ್ನಿಗೆ ನೀರು ಹಾಕುದಿಲ್ಲ, ಅಷ್ಟೇ" ಎಂದರು. ನನ್ನ ಹೆಂಡತಿ ಎರಡು ದಿನ ಅವರ ಮೇಲೆ ಮುನಿಸಿಕೊಂಡಿದ್ದಳು. ಮೂರನೆಯ ದಿನ ಚಟ್ನಿಗೆ ನೀರು ಹಾಕಿದಳು. ಮಿಕ್ಸಿ ಇವತ್ತಿಗೂ ಓಡುತ್ತಿದೆ.

ಗೋರೆಗಾಂವ್‌ನ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಅವರದು ಕೆಳಗಿನ ಮನೆ, ನಮ್ಮದು ಎರಡನೆಯ ಮಹಡಿ. ಅವರು ಉಡುಪಿ ಕಡೆಯವರು. ಹೋಟೆಲಿನಲ್ಲಿ ತಟ್ಟೆ ತೊಳೆಯಲು ಮುಂಬೈಗೆ ಬಂದು, ತೊಳೆಯುವ ಜಾಗದ ಪಕ್ಕದಲ್ಲೇ ಇದ್ದ ಗ್ರೈಂಡರಿನ ಸ್ನೇಹ ಮಾಡಿ, ಕೊನೆಗೆ ಗ್ರೈಂಡರುಗಳ ಡಾಕ್ಟರೇ ಆಗಿಬಿಟ್ಟವರು. ಗೋರೆಗಾಂವ್, ಮಲಾಡ್ ಕಡೆಯ ಯಾವ ಉಡುಪಿ ಹೋಟೆಲಿನಲ್ಲಿ ಕಲ್ಲು ತಿರುಗದಿದ್ದರೂ ಫೋನು ಇವರಿಗೆ ಬರುತ್ತಿತ್ತು. ಹೋಟೆಲಿನವರು ಮೇಸ್ತ್ರಿ ಎಂದು ಕರೆಯುತ್ತಿದ್ದರು, ನಾವೂ ಅದನ್ನೇ ಹಿಡಿದುಕೊಂಡೆವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಚೆನ್ನಾಗಿರಲಿ ಎಂದು ಒಬ್ಬರು ದೊಡ್ಡ ಬೆಲೆ ತೆತ್ತಿದ್ದಾರೆ. ನಾನು ಅದನ್ನು ಕೆಡಿಸಲಾರೆ.

ನಾನು ಮೈಸೂರಿನವನು. ಒಂದು ಇನ್ಶೂರೆನ್ಸ್ ಕಂಪನಿಯ ವಾಹನ ವಿಭಾಗದಲ್ಲಿ ಮೂವತ್ತು ವರ್ಷ ಕೂತು, ಅಪಘಾತದ ಕಾಗದಗಳನ್ನು ಓದಿ, ತಪ್ಪು ಯಾರದು ಎಂದು ಬರೆದವನು. ಅದಕ್ಕೇ ಮೇಸ್ತ್ರಿಗಳು ನನ್ನನ್ನು "ಇನ್ಶೂರೆನ್ಸಿನವ್ರೇ" ಎಂದೇ ಕರೆಯುತ್ತಿದ್ದದ್ದು. ಆ ಕರೆಯಲ್ಲಿ ಸ್ವಲ್ಪ ತಮಾಷೆ, ಸ್ವಲ್ಪ ತಾತ್ಸಾರ ಇರುತ್ತಿತ್ತು. ಕೈ ಕೆಸರು ಮಾಡಿಕೊಳ್ಳದೆ ಮೊಸರು ತಿನ್ನುವವರು ಎಂದು ನಮ್ಮಂಥ ಆಫೀಸಿನವರ ಬಗ್ಗೆ ಅವರ ಅಭಿಪ್ರಾಯ.

ಕೆಲಸದಲ್ಲಿ ಅವರನ್ನು ನೋಡಬೇಕಿತ್ತು. ಹೋಟೆಲಿನ ಅಡುಗೆಮನೆಗೆ ಹೋಗಿ ರುಬ್ಬಿದ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಉಜ್ಜಿ, ನಾಲಿಗೆಗೆ ಹಚ್ಚಿ, ಕಲ್ಲಿನ ಯಾವ ಕಡೆ ಸವೆದಿದೆ ಎಂದು ಹೇಳುತ್ತಿದ್ದರು. ಕಲ್ಲನ್ನು ಎತ್ತಿ ನೋಡಿದರೆ ಅದೇ ಕಡೆ ಸವೆದಿರುತ್ತಿತ್ತು. "ಯಂತ್ರಕ್ಕೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ, ಮನುಷ್ಯರದ್ದು ಗ್ಯಾರಂಟಿ ಇಲ್ಲ" ಎನ್ನುವುದು ಅವರ ಮಾತು. ಗೊತ್ತಿಲ್ಲ ಎಂಬ ಮಾತು ಮಾತ್ರ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. "ನೋಡುವಾ" ಎನ್ನುತ್ತಿದ್ದರು. ಆ ‘ನೋಡುವಾ’ದ ಒಳಗೆ ಗೊತ್ತು, ಗೊತ್ತಿಲ್ಲ, ಆಗುತ್ತದೆ, ಆಗುವುದಿಲ್ಲ ಎಲ್ಲವೂ ಅಡಗಿರುತ್ತಿತ್ತು.

ಅವರು ರಿಪೇರಿ ಮಾಡಿದ್ದು ಮತ್ತೆ ಕೆಟ್ಟರೆ ತಪ್ಪು ಎಂದಿಗೂ ಅವರದಲ್ಲ. ವೋಲ್ಟೇಜು ಸರಿಯಿರಲಿಲ್ಲ. ಅಡುಗೆಭಟ್ಟ ಅಕ್ಕಿ ನೆನೆಸಿದ್ದು ಸಾಲಲಿಲ್ಲ. ಬೇರಿಂಗು ಮಾರಿದ ಅಂಗಡಿಯವನು ಮೋಸಗಾರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಮ್ಮೆ ನಾನು ತಮಾಷೆ ಮಾಡಿದೆ. ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಎದುರು ಸಿಕ್ಕರೆ ಬಿಲ್ಡಿಂಗಿನ ಗೋಡೆ ನೋಡುತ್ತ ಹೋಗುತ್ತಿದ್ದರು. ಕೊನೆಗೆ ನಾನೇ ಹೋಗಿ ಅವರ ಮನೆಯಲ್ಲಿ ಕಾಫಿ ಕೇಳಿ ಕುಡಿದು ರಾಜಿಯಾದೆ. ಆಗ ಅದು ನಮಗೆ ನಗುವ ಸಂಗತಿಯಾಗಿತ್ತು.

ಇನ್ನೊಂದು ಅಭ್ಯಾಸ ಅಷ್ಟು ನಗುವಂಥದಲ್ಲ. ದೊಡ್ಡ ಗ್ರೈಂಡರುಗಳಿಗೆ ಮುಚ್ಚಳ ತೆಗೆದರೆ ತಾನೇ ನಿಲ್ಲುವ ಒಂದು ಸ್ವಿಚ್ಚು ಇರುತ್ತದೆ. ಹಿಟ್ಟಿನ ನೀರು ಸೇರಿ ಆ ಸ್ವಿಚ್ಚು ಆಗಾಗ ಕೆಡುತ್ತದೆ, ಮುಚ್ಚಳ ಹಾಕಿದ್ದರೂ ಯಂತ್ರ ನಿಂತುಬಿಡುತ್ತದೆ. ಇಡ್ಲಿಗೆ ಗಿರಾಕಿ ಕಾಯುತ್ತಿರುವಾಗ ಹೊಸ ಸ್ವಿಚ್ಚು ತರಿಸಲು ಯಾರಿಗೆ ತಾಳ್ಮೆ? ಮೇಸ್ತ್ರಿಗಳು ಸ್ವಿಚ್ಚಿಗೆ ಹೋಗುವ ಎರಡು ವಯರನ್ನು ಬಿಚ್ಚಿ ಒಂದಕ್ಕೊಂದು ಹೊಸೆದುಬಿಡುತ್ತಿದ್ದರು. ಯಂತ್ರ ಚಾಲೂ. ಮುಚ್ಚಳ ಇದ್ದರೂ ತಿರುಗುತ್ತದೆ, ಇಲ್ಲದಿದ್ದರೂ ತಿರುಗುತ್ತದೆ. ಹೋಟೆಲಿನವರಿಗೆ ಖುಷಿ. ಮಲಾಡ್‌ನ ಒಂದು ಹೋಟೆಲಿನಲ್ಲಿ ವಯಸ್ಸಾದ ಕೆಲಸಗಾರನೊಬ್ಬನ ಎರಡು ಬೆರಳಿನ ತುದಿ ಹೋದಾಗ ಮೇಸ್ತ್ರಿಗಳು ಮೂರು ದಿನ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಿದ್ದರು, ಅವನಿಗೆ ಗಂಜಿ ಕುಡಿಸಿದರು. ಆ ಹೋಟೆಲಿನ ಸ್ವಿಚ್ಚನ್ನು ಸರಿಯಾಗಿ ಹಾಕಿಕೊಟ್ಟರು. "ನಿದ್ದೆಗಣ್ಣಲ್ಲಿ ಕೈ ಹಾಕಿದ್ದಾನೆ ಪಾಪ" ಎಂದು ನನಗೆ ಹೇಳಿದರು. ಮುಂದಿನ ವಾರ ಬೇರೆ ಹೋಟೆಲಿನಲ್ಲಿ ಇನ್ನೆರಡು ವಯರು ಹೊಸೆದರು.

ದೇವರ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೊಸ ಗ್ರೈಂಡರು ಬಂದರೆ ಅದನ್ನು ಓಡಿಸಿಯೇ ಪೂಜೆ ಮಾಡಬೇಕು. ಒಮ್ಮೆ ಒಬ್ಬ ಪುರೋಹಿತರು, ಗದ್ದಲಕ್ಕೆ ಮಂತ್ರ ಕೇಳುವುದಿಲ್ಲ, ಯಂತ್ರ ನಿಲ್ಲಿಸಿ ಎಂದರಂತೆ. "ನಿಂತ ಯಂತ್ರಕ್ಕೆ ಪೂಜೆ ಮಾಡಿದ್ರೆ ಅದು ನಿಂತೇ ಇರ್ತದೆ. ತಿರುಗುವ ಯಂತ್ರಕ್ಕೇ ಪೂಜೆ" ಎಂದು ಇವರು ಜಗಳ ತೆಗೆದು ಕೊನೆಗೆ ತಾವೇ ಆರತಿ ಎತ್ತಿ ಕಾಯಿ ಒಡೆದು ಬಂದಿದ್ದರು. ಪೂಜೆಯ ಹೊತ್ತಿಗೆ ಯಂತ್ರಕ್ಕೆ ಯಾರ ಕಾಲೂ ತಾಗುವಂತಿಲ್ಲ, ಅದರ ವಯರನ್ನು ಯಾರೂ ದಾಟುವಂತಿಲ್ಲ.

ಈಗ ಅವರ ಹೆಂಡತಿಯ ವಿಷಯ ಹೇಳಬೇಕು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಗೋರೆಗಾಂವ್ ಸ್ಟೇಷನ್ನಿನ ಹತ್ತಿರ ಹೆಂಗಸರಿಗೆ ಕಾರು ಕಲಿಸುವ ಒಂದು ಶಾಲೆ ಇತ್ತು. ಅಕ್ಕ ಇಪ್ಪತ್ತು ವರ್ಷಕ್ಕೂ ಮೇಲೆ ಅಲ್ಲಿ ಟೀಚರು. ನನ್ನ ಹೆಂಡತಿ ಕಲಿತದ್ದು ಅವರಲ್ಲೇ. ನಮ್ಮ ಓಣಿಯ ಅರ್ಧ ಹೆಂಗಸರು ಕಲಿತದ್ದೂ ಅವರಲ್ಲೇ. ರಿಕ್ಷಾದವರು ಹಾರ್ನು ಹೊಡೆದು ಸಾಯಿಸುತ್ತಿದ್ದರೂ ಅಕ್ಕನ ದನಿ ಏರುತ್ತಿರಲಿಲ್ಲವಂತೆ. "ಗಾಬರಿ ಆದ್ರೆ ಎಂತ ಮಾಡ್ಬೇಕು? ಎಂತದೂ ಮಾಡ್ಬಾರ್ದು. ಬ್ರೇಕಿನ ಮೇಲೆ ಕಾಲಿಟ್ಟು ಕೂತ್ಕೊಳ್ಬೇಕು" ಎನ್ನುತ್ತಿದ್ದರಂತೆ. ಬ್ರೇಕು ಎಂದುಕೊಂಡು ಆಕ್ಸಿಲರೇಟರು ಒತ್ತಿದವರನ್ನು ಮಾತ್ರ ಅವರು ಎರಡು ತಿಂಗಳು ಲೈಸೆನ್ಸಿನ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ನನ್ನ ಹೆಂಡತಿಗೂ ಆ ಶಿಕ್ಷೆ ಆಗಿತ್ತು. ಅಷ್ಟು ವರ್ಷದಲ್ಲಿ ಅಕ್ಕನ ಕಾರಿಗೆ ಒಂದು ಗೀರು ಬಿದ್ದದ್ದಿಲ್ಲ. ನಮ್ಮ ಬಿಲ್ಡಿಂಗಿನ ಇಕ್ಕಟ್ಟಿನ ಗೇಟಿನಿಂದ ಅವರು ಕಾರನ್ನು ಹಿಂದಕ್ಕೆ ತೆಗೆಯುವುದೆಂದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಮೇಸ್ತ್ರಿಗಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಹೆಂಡತಿ ಓಡಿಸುವಾಗ ಪಕ್ಕದಲ್ಲಿ ಕೂತು, "ಗೇರಿನ ಶಬ್ದ ಕೇಳಿ ಹೇಗುಂಟು, ಇವಳ ಕೈಯಲ್ಲಿ ಯಂತ್ರ ಅಳುದೇ ಇಲ್ಲ" ಎಂದು ನಮಗೆ ಹೇಳುತ್ತಿದ್ದರು. ಅವರು ಇನ್ನೊಬ್ಬರ ಕೆಲಸವನ್ನು ಹೊಗಳಿದ್ದು ನಾನು ಕೇಳಿದ್ದು ಅದೊಂದೇ.

ಅಕ್ಕನಿಗೆ ಲಕ್ವ ಹೊಡೆಯಿತು. ಮಾತು ಬಂತು, ಕೈ ಬಂತು, ಎಡಗಾಲು ಪೂರ್ತಿ ಬರಲಿಲ್ಲ. ಎಳೆದುಕೊಂಡು ನಡೆಯುತ್ತಿದ್ದರು. ಎಡಗಾಲಿಲ್ಲದೆ ಕ್ಲಚ್ಚು ಇಲ್ಲ, ಕ್ಲಚ್ಚಿಲ್ಲದೆ ಅವರ ಉದ್ಯೋಗ ಇಲ್ಲ. ಶಾಲೆ ಬಿಟ್ಟರು. ಕಿಟಕಿಯ ಬಳಿ ಕೂತು ಗೇಟಿನಲ್ಲಿ ಬರುವ ಹೋಗುವ ಕಾರುಗಳನ್ನು ನೋಡುತ್ತಿದ್ದರು. ಯಾರಾದರೂ ತಪ್ಪಾಗಿ ತಿರುಗಿಸಿದರೆ ಅವರ ಬಲಗಾಲು ನೆಲದ ಮೇಲೆ ತಾನಾಗಿ ಒತ್ತುತ್ತಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಮೇಸ್ತ್ರಿಗಳೂ ನೋಡಿದ್ದರು.

ಅದೇ ಸಮಯಕ್ಕೆ ಮಲಾಡ್‌ನ ಒಂದು ಹಳೆಯ ಬಂಗಲೆ ಟವರು ಕಟ್ಟಲೆಂದು ಕೆಡವುವುದೆಂದಾಯಿತು. ಅದರ ಯಜಮಾನರು ಮೇಸ್ತ್ರಿಗಳಿಗೆ ಹೋಟೆಲಿನಲ್ಲಿ ಪರಿಚಯವಾದ ಮುದುಕರು. ಅವರ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಒಂದು ವಿಲಾಯಿತಿ ಕಾರಿತ್ತು. ಎರಡೇ ಬಾಗಿಲು, ಮೇಲ್ಗಡೆ ಬೇಕೆಂದಾಗ ಮಡಚುವ ಬಟ್ಟೆಯ ಛಾವಣಿ. ಒಯ್ಯುವುದಿದ್ದರೆ ಒಯ್ಯಿ, ಇಲ್ಲದಿದ್ದರೆ ಗುಜರಿ ಕೊಳ್ಳುವ ಭಂಗಾರಿನವನು ಒಯ್ಯುತ್ತಾನೆ ಎಂದರಂತೆ. ಟೆಂಪೋ ಮೇಲೆ ಹೇರಿಕೊಂಡು ತಂದರು. ಕನ್ವರ್ಟಿಬಲ್ ಎಂದು ನಾವೆಲ್ಲ ನಾಲಿಗೆ ಹೊರಳಿಸುವಾಗ ಅವರು ‘ತಲೆ ಇಲ್ಲದ ಗಾಡಿ’ ಎಂದು ಹೆಸರಿಟ್ಟರು. ಇಂಜಿನ್ನು ಒಳಗೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದನ್ನು ಕಿತ್ತು, ಕ್ಲಚ್ಚೇ ಬೇಡದ ಹೊಸ ಕಾಲದ ಆಟೋಮ್ಯಾಟಿಕ್ ಗೇರು ಮತ್ತು ಅದರದೇ ಇಂಜಿನ್ನು ಕೂರಿಸಿ, ಅಕ್ಕನ ಕೈಗೆ ಕೊಡುವುದು ಅವರ ಯೋಚನೆ.

"ಆಟೋಮ್ಯಾಟಿಕ್ ಕಾರೇ ಬೇಕಾದ್ರೆ ಶೋರೂಮಲ್ಲಿ ಸಿಗುತ್ತಲ್ಲ ಮೇಸ್ತ್ರಿಗಳೇ, ಸೆಕೆಂಡ್ ಹ್ಯಾಂಡ್ ಬೇಕಾದಷ್ಟಿದೆ" ಎಂದೆ.

"ಶೋರೂಮಿಂದ ತಂದ್ರೆ ಅದು ಶೋರೂಮಿನವ ಕೊಟ್ಟದ್ದಾಗ್ತದೆ, ನಾನು ಕೊಟ್ಟದ್ದು ಹೇಗಾಗ್ತದೆ? ಇಪ್ಪತ್ತು ವರ್ಷ ಆ ಡಬ್ಬಿ ಕಾರಲ್ಲಿ ಬೆಂದಿದ್ದಾಳೆ. ಒಮ್ಮೆ ಗಾಳಿಗೆ ಕೂತು ಓಡಿಸ್ಲಿ."

"ಇಂಜಿನ್ ಬದಲಾಯಿಸಿದ್ರೆ ಆರ್‌ಟಿಓ ಪರ್ಮಿಶನ್ ಬೇಕು. ಅದಿಲ್ಲದೆ ಗೇಟು ದಾಟೋ ಹಾಗಿಲ್ಲ."

"ಗೇಟಿನ ಒಳಗೆ ಒಂದು ರೌಂಡು ಹೊಡೀಲಿ ಇನ್ಶೂರೆನ್ಸಿನವ್ರೇ. ಮತ್ತೆ ನಿಮ್ಮ ಕಾನೂನು ನೋಡುವಾ."

ಅವರ ಮನೆಯ ಹಿಂದೆ, ಪಂಪ್ ರೂಮಿನ ಎದುರು, ಒಂದು ತಗಡಿನ ಶೆಡ್ಡಿತ್ತು. ಮೂರು ವರ್ಷ ಆ ಕಾರು ಅಲ್ಲೇ ಬಿಚ್ಚಿಕೊಂಡು ಬಿದ್ದಿತ್ತು. ಕುರ್ಲಾದ ಭಂಗಾರ್ ಗಲ್ಲಿಗೆ ಎಷ್ಟು ಸಲ ಹೋಗಿ ಬಂದರೋ ಲೆಕ್ಕವಿಲ್ಲ. ಹಿಂದಿನಿಂದ ಗುದ್ದಿಸಿಕೊಂಡ ಒಂದು ಜೀಪಿನಂಥ ಗಾಡಿಯ ಇಂಜಿನ್ನೂ ಗೇರುಪೆಟ್ಟಿಗೆಯೂ ಸಿಕ್ಕವು. ಗೇರುಪೆಟ್ಟಿಗೆ ಎರಡು ತಿಂಗಳು ಅವರ ಮನೆಯ ಹಾಲಿನಲ್ಲಿ, ಮರಾಠಿ ಪೇಪರಿನ ಮೇಲೆ, ಟಿವಿಯ ಎದುರು ಕೂತಿತ್ತು. ಬಂದವರು ಅದನ್ನು ಸುತ್ತಿ ಹೋಗಿ ಸೋಫಾದಲ್ಲಿ ಕೂರಬೇಕು. ಹಳೆಯ ಕಾರಿನ ಹೊಟ್ಟೆ ಅದಕ್ಕೆ ಸಣ್ಣದಾಯಿತು. ನಡುವಿನ ತಗಡನ್ನು ಕತ್ತರಿಸಿ ಅಗಲ ಮಾಡಿ ಬೆಸುಗೆ ಹಾಕಿದರು. ಇಂಜಿನ್ನು ಕೂರುವ ಕಬ್ಬಿಣದ ಕಾಲುಗಳನ್ನು ಮೂರು ಸಲ ಮಾಡಿಸಿ ಮೂರು ಸಲ ಕಿತ್ತರು. ಹಿಂದಿನ ಚಕ್ರಕ್ಕೆ ಹೋಗುವ ಉದ್ದದ ಶಾಫ್ಟನ್ನು ಹೆಗಲ ಮೇಲೆ ಹೊತ್ತು ಕುರ್ಲಾಕ್ಕೆ ಹೋಗಿ, ಲೇತಿನಲ್ಲಿ ಗಿಡ್ಡ ಮಾಡಿಸಿ, ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ನಿಂತುಕೊಂಡು ತಂದರು. ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಮಾತ್ರ ಪ್ರತಿ ಭಾನುವಾರ ಬಂದು, "ಕಾಕಾ, ಯೇ ಗಾಡಿ ಚಲೇಗೀ ಯಾ ಇಧರ್‌ಹೀ ಮರೇಗೀ?" ಎಂದು, ಓಡುತ್ತದೋ ಇಲ್ಲೇ ಸಾಯುತ್ತದೋ ಎಂದು ಕೇಳಿ ಹೋಗುತ್ತಿದ್ದ.

ಕಬ್ಬಿಣ ಎಲ್ಲ ಅವರ ಮಾತು ಕೇಳಿತು. ಕೇಳದ್ದು ವಯರುಗಳು. ಹೊಸ ಇಂಜಿನ್ನಿಗೆ ಒಂದು ಕಂಪ್ಯೂಟರ್ ಪೆಟ್ಟಿಗೆ, ಅದರಿಂದ ಹೊರಟ ನೂರಾರು ಬಣ್ಣದ ವಯರುಗಳು. "ಇದರ ಮೇಲೆ ಕೈ ಇಟ್ರೆ ಎಂತದೂ ಗೊತ್ತಾಗುದಿಲ್ಲ" ಎಂದರು ಒಂದು ದಿನ. ಸೋತೆನೆಂದು ಅವರು ಒಪ್ಪಿಕೊಂಡದ್ದೆಂದರೆ ಅಷ್ಟೇ. ಆಗ ನನಗೆ ಕೆಲಸ ಸಿಕ್ಕಿತು. ರಿಟೈರ್ ಆಗಿ ಮನೆಯಲ್ಲಿದ್ದೆ. ಇಂಟರ್ನೆಟ್ಟಿನಿಂದ ವಯರುಗಳ ನಕ್ಷೆ ಪ್ರಿಂಟು ತೆಗೆದು, ಅದರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದು, ಬ್ಯಾಟರಿ ದೀಪ ಹಿಡಿಯುವುದು. ನನ್ನ ಅಂಗೈಗೂ ಗ್ರೀಸು ಅಂಟಿತು. ಆ ನಾಲ್ಕೈದು ತಿಂಗಳು ನಾನು ಸಂತೋಷವಾಗಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಎಲ್ಲ ಜೋಡಿಸಿದ ಮೇಲೂ ಕೀ ತಿರುಗಿಸಿದರೆ ಸ್ಟಾರ್ಟರು ಅಲುಗಲಿಲ್ಲ. ನಕ್ಷೆ ಓದಿ ನಾನೇ ಕಾರಣ ಹುಡುಕಿದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರಿನ ಹಿಡಿ ‘ಪಿ’ ಅಕ್ಷರದ ಮೇಲಿದ್ದರೆ ಗಾಡಿ ನಿಂತಿರುತ್ತದೆ, ‘ಡಿ’ ಮೇಲಿದ್ದರೆ ಮುಂದಕ್ಕೆ ಓಡುತ್ತದೆ. ‘ಡಿ’ಯಲ್ಲಿದ್ದಾಗ ಗಾಡಿ ಸ್ಟಾರ್ಟ್ ಆಗಬಾರದೆಂದು ಗೇರುಪೆಟ್ಟಿಗೆಗೆ ಒಂದು ಸ್ವಿಚ್ಚು ಇಟ್ಟಿರುತ್ತಾರೆ. ಅದು ಆ ಜೀಪಿನಂಥ ಗಾಡಿಗೆ ಗುದ್ದಿದಾಗಲೇ ಒಡೆದುಹೋಗಿತ್ತು. ಹೊಸದು ತರಿಸಲು ಮೂರು ವಾರ ಎಂದರು ಅಂಗಡಿಯವರು. ಮೇಸ್ತ್ರಿಗಳು ಶುಕ್ರವಾರಕ್ಕೆ ಪೂಜೆಯ ಮುಹೂರ್ತ ಇಡಿಸಿಯಾಗಿತ್ತು.

"ಹಿಡೀರಿ ಬ್ಯಾಟರಿ" ಎಂದು ಗಾಡಿಯ ಕೆಳಗೆ ಹೋದರು. ಆ ಸ್ವಿಚ್ಚಿನ ಎರಡು ವಯರು ಬಿಚ್ಚಿ ಒಂದಕ್ಕೊಂದು ಹೊಸೆದರು.

"ಇದನ್ನ ಬೈಪಾಸ್ ಮಾಡ್ಬೇಡಿ ಅಂತ ಇಲ್ಲಿ ದಪ್ಪಕ್ಷರದಲ್ಲಿ ಬರ್ದಿದಾರೆ ಮೇಸ್ತ್ರಿಗಳೇ."

"ಬರೆದವರು ಹೋಟೆಲಲ್ಲಿ ಕೆಲಸ ಮಾಡಿದ್ದಾರಾ? ಹೊಸ ಸ್ವಿಚ್ಚು ಬಂದ ಮೇಲೆ ಹಾಕುವಾ."

ಮೂವತ್ತು ವರ್ಷ ಇಂಥ ವಿಷಯಗಳ ಮೇಲೆ ಕೆಂಪು ಶಾಯಿಯಲ್ಲಿ ಷರಾ ಬರೆದವನು ಬ್ಯಾಟರಿ ಹಿಡಿದುಕೊಂಡು ನಿಂತಿದ್ದೆ. ಇಂಜಿನ್ನು ಚಾಲೂ ಆದಾಗ ಅವರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದೂ ನಾನೇ.

ಶುಕ್ರವಾರ ಬೆಳಿಗ್ಗೆ ಅವರು ಮತ್ತೊಮ್ಮೆ ಗಾಡಿಯ ಕೆಳಗೆ ಮಲಗಿ ಗೇರಿನ ಕೇಬಲ್ಲು ಬಿಗಿ ಮಾಡಿದರು. ಎದ್ದು ಬಂದು ಹಿಡಿಯನ್ನು ಒಂದೊಂದೇ ಅಕ್ಷರಕ್ಕೆ ತಂದು ನೋಡಿದರು. ಆಮೇಲೆ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಬಂದರು. ಗಾಡಿಗೆ ಸೇವಂತಿಗೆ ಹಾರ, ಮುಂದಿನ ಗಾಜಿಗೆ ಕುಂಕುಮ. ಬಟ್ಟೆಯ ಛಾವಣಿ ಮಡಚಿತ್ತು. ಅಕ್ಕ ಹಸಿರು ಸೀರೆ ಉಟ್ಟು, ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ಸ್ಟೇರಿಂಗಿನ ಮುಂದೆ ಕೂತರು. ಎಷ್ಟೋ ವರ್ಷದ ಮೇಲೆ ಅವರ ಮುಖದಲ್ಲಿ ಟೀಚರಮ್ಮನ ಕಳೆ ಕಂಡೆ. ಅಭ್ಯಾಸದಂತೆ ಗೇರಿನ ಕಡೆ ಬಗ್ಗಿ ನೋಡಲು ಹೋದರು.

"ಅದೆಲ್ಲ ನಾನು ನೋಡಿ ಆಗಿದೆ ಮಾರಾಯ್ತಿ" ಎಂದರು ಮೇಸ್ತ್ರಿಗಳು. "ಇದು ಹೊಸ ಕಾಲದ್ದು, ಗೇರಲ್ಲಿದ್ರೆ ಸ್ಟಾರ್ಟೇ ಆಗುದಿಲ್ಲ ಅಂತ ಹೇಳಿದ್ದೆ ಅಲ್ವಾ? ಚಪ್ಪಲಿ ಹೊರಗೆ ಬಿಡು. ಪೂಜೆ ಆಗುವಾಗ ಪೆಡಲಿಗೆ ಕಾಲು ತಾಗ್ಬಾರ್ದು. ಕಾಲು ಮೇಲೆ ತೆಗೆದು ಕೂತ್ಕೋ."

ಅಕ್ಕ ಚಪ್ಪಲಿಯನ್ನು ಹೊರಗೆ ಬಿಟ್ಟು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ, ದೇವರ ಮುಂದೆ ಕೂತ ಹಾಗೆ ಕೂತರು. ನಾನು ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟೆ. ಹಳೆಯ ಹ್ಯಾಂಡ್ ಬ್ರೇಕನ್ನು ಇನ್ನೂ ಜೋಡಿಸಿರಲಿಲ್ಲ. ಆ ಗಾಡಿಯನ್ನು ತಡೆದು ನಿಲ್ಲಿಸಲು ಇದ್ದದ್ದು ಆ ನಿಂಬೆಹಣ್ಣುಗಳು ಮಾತ್ರ. ಮೇಸ್ತ್ರಿಗಳು ಗಾಡಿಗೂ ಪಂಪ್ ರೂಮಿನ ಗೋಡೆಗೂ ನಡುವೆ ನಿಂತು ಆರತಿ ಎತ್ತಿ, ತೆಂಗಿನಕಾಯಿ ಕೈಗೆ ತೆಗೆದುಕೊಂಡು, "ಹ್ಞಾ, ಚಾಲೂ ಮಾಡು" ಎಂದರು.

ಅಕ್ಕ ಕೀ ತಿರುಗಿಸಿದರು. ಗಾಡಿ ಒಮ್ಮೆಲೇ ಮುಂದಕ್ಕೆ ಹಾರಿತು. ಗೋಡೆಯವರೆಗೆ ಆರು ಅಡಿ ಇತ್ತೋ ಏನೋ. ಅಕ್ಕ ಮಡಚಿದ ಬಲಗಾಲನ್ನು ಬಿಡಿಸಿ ಬ್ರೇಕಿಗೆ ತರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಪಂಪಿನ ಪೈಪು ಒಡೆದು ನೀರು ನಮ್ಮ ಮೂವರ ಮೇಲೂ ಚಿಮ್ಮಿತು. ಕೀ ಆರಿಸಲು ನಾನು ಕೈ ಹಾಕಿದಾಗ ಗೇರಿನ ಹಿಡಿ, ಬೆಳಿಗ್ಗೆ ಮೇಸ್ತ್ರಿಗಳು ನೋಡಿ ಬಿಟ್ಟ ಹಾಗೇ, ‘ಡಿ’ ಮೇಲಿತ್ತು.

ಮೇಸ್ತ್ರಿಗಳ ಸೊಂಟದ ಮೂಳೆ, ಎರಡೂ ತೊಡೆ ಮುರಿದಿದ್ದವು. ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಕೇಳಿದವರಿಗೆ ಮೇಸ್ತ್ರಿಗಳು ನೋವಿನ ನಡುವೆಯೇ ಹೇಳಿದರು: "ಅವಳಿಗೆ ಕಾಲಿನ ಅಂದಾಜು ಸಿಕ್ಲಿಲ್ಲ. ಆಕ್ಸಿಲರೇಟರ್ ಒತ್ತಿದ್ಳು." ನಾನು ಮಂಚದ ಪಕ್ಕದಲ್ಲೇ ಇದ್ದೆ. ಅಕ್ಕನೂ ಇದ್ದರು. ಅಕ್ಕ ಏನೂ ಹೇಳಲಿಲ್ಲ, ನಾನೂ ಏನೂ ಹೇಳಲಿಲ್ಲ.

ಎರಡು ದಿನ ಬಿಲ್ಡಿಂಗಿಗೆ ನೀರಿಲ್ಲದೆ ಗಲಾಟೆಯಾಗಿ, ಏನಾಯಿತೆಂದು ಬರೆದುಕೊಡಿ ಎಂದು ಸೊಸೈಟಿಯವರು ನನ್ನನ್ನು ಕೇಳಿದರು. ಬರೆಯುವುದರಲ್ಲಿ ಪಳಗಿದ ಕೈ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ, ಆರೋಗ್ಯದ ತೊಂದರೆಯಿದ್ದ ಚಾಲಕಿಯ ಕಾಲು ಅಚಾತುರ್ಯದಿಂದ ಆಕ್ಸಿಲರೇಟರ್ ಮೇಲೆ ಬಿದ್ದು ಅಪಘಾತವಾಯಿತು ಎಂದು ಸ್ವಚ್ಛ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ. ಹಾಗೆ ಬರೆದರೆ ಯಾರ ಮೇಲೂ ಕೇಸಿಲ್ಲ, ಮೇಸ್ತ್ರಿಗಳ ಮರ್ಯಾದೆಗೂ ಧಕ್ಕೆಯಿಲ್ಲ ಎಂದುಕೊಂಡೆ. ಅದು ಅರ್ಧ ನಿಜ. ಬ್ಯಾಟರಿ ಹಿಡಿದವನ ಹೆಸರೂ ಹೊರಬರುವುದಿಲ್ಲ ಎನ್ನುವುದು ಇನ್ನರ್ಧ. ಆ ಕಾಗದವನ್ನು ಸೆಕ್ರೆಟರಿ ನೋಟೀಸು ಬೋರ್ಡಿಗೆ ಹಚ್ಚಿದ.

ಅಕ್ಕ ಕಲಿಸಿದ ಹೆಂಗಸರೆಲ್ಲ ಅದನ್ನು ಓದಿದರು. ಸಮಾಧಾನ ಹೇಳಲು ಬಂದರು. "ಜಾನೇ ದೋ ಟೀಚರ್, ಹೋಗ್ಲಿ ಬಿಡಿ, ಈ ವಯಸ್ಸಿಗೆ ಯಾರಿಗಾದ್ರೂ ಆಗತ್ತೆ" ಎಂದು ಒಬ್ಬಳು ಅವರ ಬೆನ್ನು ಸವರಿದಳು. ಅದೇ ತಪ್ಪಿಗೆ ಎರಡು ತಿಂಗಳು ಶಿಕ್ಷೆ ತಿಂದಿದ್ದ ನನ್ನ ಹೆಂಡತಿ ಕೂಡ, "ಅಕ್ಕನೇ ಹೀಗೆ ಮಾಡಿದ್ರಲ್ಲ ರೀ" ಎಂದಳು. ಅವಳಿಗೂ ನಾನು ನಿಜ ಹೇಳಲಿಲ್ಲ.

ಆಸ್ಪತ್ರೆಗೆ ಸೇರಿದ ಮೂರನೆಯ ದಿನ ಮೇಸ್ತ್ರಿಗಳು ನನ್ನೊಬ್ಬನನ್ನೇ ಹತ್ತಿರ ಕರೆದು ಕೈ ಹಿಡಿದುಕೊಂಡಿದ್ದರು. ಯಂತ್ರದ ಮೇಲೆ ಇಡುತ್ತಿದ್ದ ಆ ಅಂಗೈ ತಣ್ಣಗಿತ್ತು. "ಆ ಎರಡು ವಯರು ಬಿಡಿಸಿಬಿಡಿ ಇನ್ಶೂರೆನ್ಸಿನವ್ರೇ" ಎಂದರು. ಮುಖ ಗೋಡೆಗೆ ತಿರುಗಿಸಿಕೊಂಡರು. ನಾನು ಅಂದು ಸಂಜೆಯೇ ಗಾಡಿಯ ಕೆಳಗೆ ಮಲಗಿ ವಯರು ಬಿಡಿಸಿ ತುದಿಗೆ ಟೇಪು ಸುತ್ತಿದೆ. ತಿಂಗಳೊಳಗೆ ಸೊಸೈಟಿಯವರು ಗಾಡಿಯನ್ನು ಭಂಗಾರಿಗೆ ಹಾಕಿಸಿದರು.

ಎಂಟು ತಿಂಗಳು ಅವರು ಹಾಸಿಗೆಯಲ್ಲಿದ್ದರು. ಹೋಟೆಲಿನವರು ದಿನಕ್ಕೊಬ್ಬರಂತೆ ಇಡ್ಲಿ, ಹಣ್ಣು ಹಿಡಿದು ಬರುತ್ತಿದ್ದರು. ಪ್ರತಿಯೊಬ್ಬರಿಗೂ ಅವರು ಅದನ್ನೇ ಹೇಳುತ್ತಿದ್ದರು. ಬೈದು ಹೇಳುತ್ತಿರಲಿಲ್ಲ, ಕನಿಕರದಿಂದ ಹೇಳುತ್ತಿದ್ದರು. "ಪಾಪ, ಅವಳ ಕಾಲು ಅವಳ ಮಾತು ಕೇಳುದಿಲ್ಲ. ನನ್ನ ಕೆಲಸದಲ್ಲಿ ಎಂತದೂ ದೋಷ ಇರ್ಲಿಲ್ಲ. ಇಂಜಿನ್ನು ಒಂದೇ ಸಲಕ್ಕೆ ಚಾಲೂ ಆಗಿದೆ ನೋಡಿ." ಅಕ್ಕ ಎಡಗಾಲು ಎಳೆಯುತ್ತ ಬಂದು ಬಂದವರಿಗೆ ಕಾಫಿ ಕೊಟ್ಟು, ಗಂಡನ ತಲೆದಿಂಬು ಸರಿಮಾಡಿ ಹೋಗುತ್ತಿದ್ದರು. ಮಲ ಮೂತ್ರ ಎಲ್ಲ ಅವರೇ ನೋಡಿದರು. ಒಂದು ಸಲವೂ ಅವರ ಮುಖ ಗಂಟಿಕ್ಕಿದ್ದು ನಾನು ಕಾಣಲಿಲ್ಲ. ನನಗೆ ಮೇಸ್ತ್ರಿಗಳ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೋ ಅಷ್ಟೇ ಮರುಕವೂ ಆಗುತ್ತಿತ್ತು. ನೆಲ ಡೊಂಕು ಎಂದು ಇನ್ನೊಮ್ಮೆ ಹೇಳುವ ಧೈರ್ಯ ನನಗಿರಲಿಲ್ಲ. ಎಂಟನೆಯ ತಿಂಗಳು ಎದೆಯಲ್ಲಿ ಕಫ ಕಟ್ಟಿ ಅವರು ಹೋದರು. ಆ ದಿನ ಗೋರೆಗಾಂವ್‌ನ ಮೂರು ಹೋಟೆಲು ಗ್ರೈಂಡರು ನಿಲ್ಲಿಸಿದವು.

ಅಕ್ಕ ಕಾರ್ಕಳದ ತಂಗಿಯ ಮನೆಗೆ ಹೋಗಿ ಇರುತ್ತೇನೆಂದು ಸಾಮಾನು ಕಟ್ಟುತ್ತಿದ್ದಾರೆಂದು ಕಳೆದ ತಿಂಗಳು ತಿಳಿಯಿತು. ಇನ್ನು ತಡೆಯಲಾಗಲಿಲ್ಲ. ಅವರ ಹೆಸರಿಗೆ ನಾನು ಬಳಿದ ಮಸಿಯನ್ನು ಅವರು ಹೋಗುವ ಮುಂಚೆ ಒರೆಸಬೇಕು ಎನ್ನಿಸಿತು. ಕೆಳಗಿಳಿದು ಹೋದೆ. ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದರು.

"ಅಕ್ಕ, ಒಂದು ಮಾತು ಹೇಳ್ಬೇಕು. ಆವತ್ತು ತಪ್ಪು ನಿಮ್ಮದಲ್ಲ."

"ನನಗೆ ಗೊತ್ತುಂಟು" ಎಂದರು ತಲೆ ಎತ್ತದೆ. "ನನ್ನ ಎರಡೂ ಕಾಲು ಸೀಟಿನ ಮೇಲೆ ಇತ್ತಲ್ಲ. ಸೀಟಿನ ಮೇಲೆ ಇದ್ದ ಕಾಲು ಪೆಡಲು ಒತ್ತುದು ಹೇಗೆ?"

"ಮತ್ತೆ ಯಾಕೆ ಸುಮ್ಮನಿದ್ರಿ? ಊರೆಲ್ಲ ನಿಮ್ಮನ್ನ ಅಂದ್ರಲ್ಲ."

ಅಕ್ಕ ಗೋಣಿಯ ಬಾಯಿ ಮಡಚಿ ಸ್ಟೂಲಿನ ಮೇಲೆ ಕೂತರು. "ಅವರು ಮಲಗಿದಲ್ಲೇ ಇದ್ರು. ಇನ್ನು ಏಳುದಿಲ್ಲ ಅಂತ ಡಾಕ್ಟರು ಹೇಳಿದ್ರು. ಅವರ ಹತ್ರ ಉಳಿದದ್ದು ಕೆಲಸದ ಹೆಸರೊಂದೇ. ಅದನ್ನೂ ನಾನು ಕಿತ್ಕೊಳ್ಳುದಾ? ಮೂರು ವರ್ಷ ನನಗೆ ಅಂತ ಮಾಡಿದ ಗಾಡಿ. ಎಲ್ಲಿಯೋ ಎಂತದೋ ಕೈತಪ್ಪಿದೆ, ಅವರಿಗೇ ಗೊತ್ತಾಗ್ಲಿಲ್ಲ. ನಾನೇ ಒತ್ತಿದ್ದು ಅಂತ ಅವರು ನಿಜವಾಗಿ ನಂಬಿದ್ರು. ನಂಬಿದವರ ಹತ್ರ ಜಗಳ ಮಾಡಿ ಎಂತ ಸಿಗ್ತದೆ?"

ಅಲ್ಲಿಗೆ ನಾನು ಎದ್ದು ಬರಬೇಕಿತ್ತು. ಆದರೆ ನಾನು ಬಂದದ್ದು ನನ್ನ ಎದೆ ಹಗುರ ಮಾಡಿಕೊಳ್ಳಲು, ಅದು ಆಗಿರಲಿಲ್ಲ.

"ಅಕ್ಕ, ಗೇರಲ್ಲಿದ್ರೆ ಸ್ಟಾರ್ಟ್ ಆಗದ ಹಾಗೆ ತಡೆಯೋ ಸ್ವಿಚ್ಚಿನ ವಯರನ್ನ ಮೇಸ್ತ್ರಿಗಳು ಹೊಸೆದುಬಿಟ್ಟಿದ್ರು, ಆಗ ಬ್ಯಾಟರಿ ಹಿಡಿದಿದ್ದು ನಾನು. ಆಮೇಲೆ ಅದನ್ನ ಬಿಡಿಸಿದ್ದೂ ನಾನೇ. ಮೇಸ್ತ್ರಿಗಳು ಬಿಡಿಸಿ ಅಂದ್ರು, ಬಿಡಿಸಿದೆ."

"ಬಿಡಿಸಿ ಅಂದ್ರಾ?"

"ಹೌದು."

"ಯಾವಾಗ?"

"ಆಸ್ಪತ್ರೆಗೆ ಸೇರಿ ಮೂರನೇ ದಿನ."

ಅಕ್ಕನ ಕೈ ಗೋಣಿಯ ಹುರಿಯನ್ನು ಹಿಡಿದಿತ್ತು, ಗಂಟು ಹಾಕಲಿಲ್ಲ. ಸೊಸೈಟಿಗೆ ಹೊಸ ಕಾಗದ ಬರೆದುಕೊಡುತ್ತೇನೆ, ಬೋರ್ಡಿಗೆ ಹಚ್ಚಿಸುತ್ತೇನೆ ಎಂದು ನಾನು ಏನೇನೋ ಹೇಳುತ್ತಿದ್ದೆ. ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

"ಹಾಗಾದ್ರೆ ಅವರಿಗೆ ಗೊತ್ತಿತ್ತು" ಎಂದರು. "ಎಂಟು ತಿಂಗಳು, ಬಂದವರ ಎದುರೆಲ್ಲ, ಗೊತ್ತಿದ್ದೇ ಹೇಳಿದ್ರು."

ಹುರಿಯನ್ನು ಗೋಣಿಯ ಮೇಲೆ ಇಟ್ಟರು.

"ಅದೊಂದು ನೀವು ಹೇಳ್ಬಾರ್ದಿತ್ತು" ಎಂದು ಅಕ್ಕ ಎದ್ದು ಒಳಗೆ ಹೋದರು.